ಶಾಸನಕರ್ತರಿಗೂ ಒಂದು ಶಾಸನ

‘ಶಾಸನ’ವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಲ್ಲಿನ ಮೇಲಿನ ಬರಹವೂ ಶಾಸನ, ಕಾನೂನೂ ಶಾಸನ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಬರಹದಲ್ಲಿ ಅಶೋಕ ಚಕ್ರವರ್ತಿಯು ಮೊದಲು ತನ್ನ ನಡತೆಯನ್ನು ಹೇಳಿಕೊಂಡು, ಅನಂತರ ಪ್ರಜೆಗಳಿಗೆ ಧರ್ಮವನ್ನು ಬೋಧಿಸಿದ್ದಾನೆ. ಆಳುವವನ ನಡತೆ ಪ್ರಜೆಗಳ ಕಣ್ಣಿಗೆ ಕಾಣುವಂತಿರಬೇಕೆಂಬ ತತ್ತ್ವ ನಮ್ಮ ನೆಲಕ್ಕೆ ಹೊಸದಲ್ಲ.

ಇಂದು ನಮ್ಮನ್ನು ಆಳುವವರು ನಾವೇ ಆರಿಸಿದ ಪ್ರತಿನಿಧಿಗಳು. ಸಂವಿಧಾನದ 194ನೆಯ ಅನುಚ್ಛೇದದಂತೆ, ಸದನದಲ್ಲಿ ಆಡಿದ ಮಾತಿಗಾಗಿ ಶಾಸಕರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಜನರ ಕಷ್ಟವನ್ನು ನಿರ್ಭಯವಾಗಿ ನುಡಿಯಲೆಂದು ಕೊಟ್ಟ ರಕ್ಷೆಯಿದು. ಲಂಚ ಪಡೆದು ಮಾತನಾಡಿದವರಿಗೆ, ಮತ ಹಾಕಿದವರಿಗೆ ಈ ರಕ್ಷೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿತು. ಹೊರಗಿನವರು ಪ್ರಶ್ನಿಸಲಾಗದೆಡೆಯಲ್ಲಿ ಒಳಗಿನ ಕಟ್ಟುಪಾಡು ಬಿಗಿಯಾಗಿರಬೇಕು. 1951ರಲ್ಲಿ ಎಚ್. ಜಿ. ಮುದ್ಗಲ್ ಎಂಬ ಸಂಸದರು ವ್ಯಾಪಾರಿ ಸಂಘವೊಂದರಿಂದ ಹಣ ಪಡೆದು ಅದರ ಪರವಾಗಿ ಸದನದಲ್ಲಿ ನಡೆದುಕೊಂಡರು. ಅವರನ್ನು ಉಚ್ಚಾಟಿಸುವ ನಿರ್ಣಯವನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಮಂಡಿಸಿದರು. ತಪ್ಪಿತಸ್ಥರು ತಮ್ಮ ಪಕ್ಷದವರೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

ನಮ್ಮ ರಾಜ್ಯದ ಈಚಿನ ಅನುಭವವು ಕಳವಳಕಾರಿಯಾಗಿದೆ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನೇ ಪೀಠದಿಂದ ಎಳೆದಾಡಲಾಯಿತು. 2025ರ ಮಾರ್ಚ್‌ನಲ್ಲಿ ವಿಧಾನಸಭೆಯ 18 ಸದಸ್ಯರನ್ನು ಆರು ತಿಂಗಳು ಅಮಾನತಿನಲ್ಲಿರಿಸಲಾಯಿತು. ಮೇ ತಿಂಗಳಲ್ಲಿ ಆ ಆಜ್ಞೆಯನ್ನು ಹಿಂದೆಗೆಯಲಾಯಿತು. ಯಾವ ತಪ್ಪಿಗೆ ಎಷ್ಟು ದಂಡವೆಂಬುದು ಮೊದಲೇ ಗೊತ್ತಿಲ್ಲದಿದ್ದರೆ, ನ್ಯಾಯವಾದ ದಂಡವೂ ಬಹುಮತದ ಹಟದಂತೆ ತೋರುತ್ತದೆ. ಅಲ್ಲದೆ, ಸದಸ್ಯನನ್ನು ಬಹುಕಾಲ ಹೊರಗಿಟ್ಟರೆ ಅವನ ಕ್ಷೇತ್ರವೇ ಮೂಕವಾಗುತ್ತದೆ.

ಆದುದರಿಂದ ಶಾಸಕರ ನೀತಿಸಂಹಿತೆಯನ್ನು ಪರಿಷ್ಕರಿಸುವುದೆಂದರೆ ಅದಕ್ಕೆ ಇನ್ನಷ್ಟು ಸದುಪದೇಶಗಳನ್ನು ಸೇರಿಸುವುದಲ್ಲ. ತಪ್ಪಿಗೆ ತಕ್ಕ ದಂಡವನ್ನು ಅದರಲ್ಲಿಯೇ ಗೊತ್ತುಪಡಿಸಬೇಕು. ವಿಚಾರಣೆಯು ನಿಶ್ಚಿತ ಅವಧಿಯೊಳಗೆ, ಎಲ್ಲ ಪಕ್ಷಗಳ ಸದಸ್ಯರಿರುವ ಸಮಿತಿಯಿಂದ ನಡೆಯಬೇಕು. ತನಗೆ ಲಾಭವಿರುವ ವಿಷಯದಲ್ಲಿ ಮಾತನಾಡುವ ಮುನ್ನ ಸದಸ್ಯನು ಅದನ್ನು ಸಭೆಗೆ ತಿಳಿಸಬೇಕು. ಕರ್ನಾಟಕ ಲೋಕಾಯುಕ್ತ ಕಾಯಿದೆ, 1984ರಂತೆ ಶಾಸಕರು ಪ್ರತಿವರ್ಷ ತಮ್ಮ ಆಸ್ತಿಯ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಆ ವಿವರವು ಪ್ರತಿಯೊಂದು ಕ್ಷೇತ್ರದ ತಾಲ್ಲೂಕು ಕಚೇರಿಯ ಗೋಡೆಯ ಮೇಲೂ ಕಾಣಬೇಕು.

ನಿಯಮಗಳಿಂದ ಸಜ್ಜನರು ಹುಟ್ಟುವರೇ ಎಂದು ಕೇಳುವವರಿದ್ದಾರೆ. ಹುಟ್ಟಲಾರರು, ನಿಜ. ಬೇಲಿಯೂ ಬೆಳೆಯನ್ನು ಬೆಳೆಯುವುದಿಲ್ಲ. ಆದರೆ ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಉಳಿಯುವುದಿಲ್ಲ.

ಸದನದ ಗದ್ದಲವು ಬೆಂಗಳೂರಿನಲ್ಲಿಯೇ ಮುಗಿದುಹೋಗುವ ಸಂಗತಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿ ತಾಲ್ಲೂಕಿನ ರೈತನು ನೀರು ತನ್ನ ಗದ್ದೆಯವರೆಗೆ ಬಂದೀತೇ ಎಂದು ಕಾಲುವೆಯತ್ತ ನೋಡುತ್ತಿರುತ್ತಾನೆ. ಅವನ ಪರವಾಗಿ ಕೇಳಬೇಕಾದ ಪ್ರಶ್ನೆ ಕೂಗಾಟದಲ್ಲಿ ಮುಳುಗಿದರೆ, ಹಿರೇಕೊಟ್ನೆಕಲ್ಲಿನಂಥ ಹಳ್ಳಿಗೆ ಆ ದಿನ ವಿಧಾನಸೌಧದ ಬಾಗಿಲು ಮುಚ್ಚಿದಂತೆಯೇ ಸರಿ.

ಇಂದು ಶಾಲೆಯಲ್ಲಿ ಓದುತ್ತಿರುವವರು ನಾಳಿನ ಮತದಾರರು. ಪ್ರತಿನಿಧಿಯ ನಡತೆಯನ್ನು ಓದಬಲ್ಲ ಪ್ರಜೆಗಳಿಲ್ಲದಿದ್ದರೆ, ಕಲ್ಲಿನಲ್ಲಿ ಕೊರೆದ ಶಾಸನವೂ ಬರಿಯ ಗೀಟುಗಳಾಗಿ ಉಳಿಯುತ್ತದೆ.