ವೇಷ ಹಾಕಿದ ಅಕ್ಷರಗಳು

ಗಣಕಯಂತ್ರದ ತೆರೆಯ ಮೇಲೆ ಕನ್ನಡದ ಅಕ್ಷರಗಳು ಕಂಡಮಾತ್ರಕ್ಕೆ ಯಂತ್ರದ ಒಡಲಿನಲ್ಲಿಯೂ ಕನ್ನಡವೇ ಇದೆಯೆಂದು ನಂಬುವಂತಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿಸಿಟ್ಟ ಸಂಘದ ವಾರ್ಷಿಕ ವರದಿಯನ್ನೋ, ಮನೆಯ ಹಿರಿಯರ ಆತ್ಮಕಥೆಯನ್ನೋ ಇಂದಿನ ಮೊಬೈಲಿನಲ್ಲಿ ತೆರೆದು ನೋಡಿದವರಿಗೆ ಈ ಮಾತಿನ ಅರ್ಥ ತಾನಾಗಿಯೇ ಆಗಿರುತ್ತದೆ. ಕನ್ನಡವಿರಬೇಕಾದ ಜಾಗದಲ್ಲಿ ಪೌಂಡಿನ ಗುರುತುಗಳೂ ನೆತ್ತಿಯ ಮೇಲೆ ಗೀಟೆಳೆದುಕೊಂಡ ಪರದೇಶದ ಅಕ್ಷರಗಳೂ ಸಾಲುಗಟ್ಟಿ ಕುಳಿತಿರುತ್ತವೆ. “ಅಜ್ಜ, ಇದು ಯಾವ ದೇಶದ ಭಾಷೆ?” ಎಂದು ಮೊಮ್ಮಗಳು ಕೇಳಿದರೆ ಬರೆದ ಅಜ್ಜನೇ ತಬ್ಬಿಬ್ಬಾಗಬೇಕು. ಕಡತ ಕೆಟ್ಟುಹೋಯಿತೆಂದು ಭಾವಿಸಿ ಮನೆಯವರು ಅದನ್ನು ಅಳಿಸಿಹಾಕುವುದೂ ಉಂಟು. ವಾಸ್ತವವಾಗಿ ಅಲ್ಲಿ ಕೆಟ್ಟದ್ದೇನೂ ಇಲ್ಲ. ವೇಷ ಕಳಚಿದೆ, ಅಷ್ಟೆ.

ಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲದ್ದು ಅಂಕಿಯೊಂದನ್ನೇ. ಆದುದರಿಂದ ಇಂಥ ಅಕ್ಷರಕ್ಕೆ ಇಂಥ ಅಂಕಿ ಎಂದು ಮೊದಲೇ ಒಂದು ಒಪ್ಪಂದವಾಗಿರಬೇಕು. ಅಮೆರಿಕದಲ್ಲಿ 1963ರಲ್ಲಿ ಮೊದಲು ಪ್ರಕಟವಾದ ‘ಆಸ್ಕಿ’ ಎಂಬ ಒಪ್ಪಂದದಲ್ಲಿ ಇದ್ದ ಸ್ಥಾನಗಳು 128. ಇಂಗ್ಲಿಷಿಗೆ ಅವು ಸಾಕಾಗಿದ್ದವು. ಮುಂದೆ ಬೇರೆ ಬೇರೆಯವರು ಅದನ್ನು 256ಕ್ಕೆ ಹಿಗ್ಗಿಸಿದಾಗ ಫ್ರೆಂಚು, ಜರ್ಮನ್ ಮೊದಲಾದ ಭಾಷೆಗಳಿಗೂ ಎಡೆ ದೊರೆಯಿತು. ಆ ಪಂಕ್ತಿಯಲ್ಲಿ ಕನ್ನಡಕ್ಕೆ ಮಣೆ ಹಾಕಿದವರಿರಲಿಲ್ಲ.

ಆಗ ಅಕ್ಷರವಿನ್ಯಾಸ ಮಾಡುವವರು ಒಂದು ಉಪಾಯ ಹೂಡಿದರು. ಅಂಕಿ ಪರಭಾಷೆಯದೇ ಇರಲಿ, ತೆರೆಯ ಮೇಲೆ ಮೂಡುವ ಚಿತ್ರವನ್ನು ಮಾತ್ರ ಕನ್ನಡದ್ದಾಗಿ ಮಾಡಿದರಾಯಿತು! ‘ನುಡಿ’ ತಂತ್ರಾಂಶದ ಹಳೆಯ ಕಡತದಲ್ಲಿ ‘ಕನ್ನಡ’ ಎಂಬ ಪದವನ್ನು ಬಿಚ್ಚಿ ನೋಡಿದರೆ ಏಳು ತುಣುಕುಗಳು ಸಿಕ್ಕುತ್ತವೆ. ಇಂಗ್ಲಿಷಿನ ದೊಡ್ಡ ‘ಪಿ’ ಎಂಬುದು ತಲೆಕಟ್ಟಿಲ್ಲದ ಕಕಾರ. ಫ್ರೆಂಚರ ಗೀಟುಳ್ಳ ‘ಎ’ ಅದರ ತಲೆಕಟ್ಟು. ಪೌಂಡಿನ ಗುರುತು ನಕಾರದ ಒಡಲು. ಅದರ ಮೇಲೆ ಮತ್ತೆ ಅದೇ ತಲೆಕಟ್ಟು. ಜರ್ಮನರ ಜೋಡಿ ಸಕಾರವೇ ಕೆಳಗಿನ ನಕಾರದ ಒತ್ತು. ಚಿಕ್ಕ ‘ಕ್ಯೂ’ ಡಕಾರ. ಕೊನೆಗೆ ಮೂರನೆಯ ಸಲ ತಲೆಕಟ್ಟು. ಬಣ್ಣ ಹಚ್ಚಿದಾಗ ದೇವೇಂದ್ರ, ತೊಳೆದಾಗ ನೆರೆಮನೆಯ ಸುಬ್ಬಣ್ಣ! ಆ ಅಕ್ಷರವಿನ್ಯಾಸವಿರುವ ಯಂತ್ರದಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತದೆ. ಅದಿಲ್ಲದ ಯಂತ್ರ ತಾನು ಕಂಡ ಅಂಕಿಯನ್ನು ಕಂಡಂತೆಯೇ ತೋರಿಸುತ್ತದೆ, ಅದರ ತಪ್ಪೇನಿಲ್ಲ.

ಈ ಉಪಾಯವನ್ನು ಈಗ ಹಳಿಯುವುದು ನ್ಯಾಯವಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂದಾಗ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳನ್ನು ತಲುಪಿದಾಗ, ಸಾಮಾನ್ಯ ಗೃಹಸ್ಥನೂ ಮನೆಯಲ್ಲಿ ಕುಳಿತು ಅಚ್ಚುಕಟ್ಟಾದ ಕನ್ನಡವನ್ನು ಮುದ್ರಿಸಿಕೊಳ್ಳುವಂತಾಯಿತು. ‘ನುಡಿ’ಗೆ ಆಧಾರವಾದ ಕೀಲಿಮಣೆಯನ್ನು ರೂಪಿಸಿದವರು ಕೆ. ಪಿ. ರಾವ್. ಅದರ ಸೊಗಸನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಕಾಗುಣಿತ ಬಲ್ಲವರು ಒಂದು ಮಧ್ಯಾಹ್ನದಲ್ಲಿ ಅದನ್ನು ಕಲಿಯಬಹುದು. ಕಕಾರದ ಕೀಲಿ, ನಕಾರದ ಕೀಲಿ, ಕೊಂಡಿಯಾಗಿ ‘ಎಫ್’ ಎಂಬ ಕೀಲಿ, ಮತ್ತೆ ನಕಾರ, ಕಡೆಗೆ ಡಕಾರ: ಐದು ಬಾರಿ ಬೆರಳೊತ್ತಿದರೆ ‘ಕನ್ನಡ’ ಮುಗಿಯಿತು. ತಲೆಕಟ್ಟನ್ನೂ ಒತ್ತನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಬಾಯಲ್ಲಿ ಹೇಳುವ ಕ್ರಮವೇ ಬೆರಳಿನ ಕ್ರಮ.

ಇದೇ ಕ್ರಮ ಯಂತ್ರದ ಒಡಲಿಗೂ ಇಳಿದದ್ದು ‘ಯೂನಿಕೋಡ್’ ಎಂಬ ಹೊಸ ಒಪ್ಪಂದದಿಂದ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ನಿವೇಶನ ದೊರೆಯಿತು: 3200ರಿಂದ 3327ರವರೆಗೆ, ಒಟ್ಟು 128 ಸ್ಥಾನ. ಇಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ನಡುವಣ 3277 ಎಂಬುದೇ ಆ ಕೊಂಡಿ. ಐದು ಬೆರಳೊತ್ತು, ಐದು ಅಂಕಿ! ಈ ಅಂಕಿಗಳು ಜಗತ್ತಿನ ಯಾವ ಯಂತ್ರದಲ್ಲಿಯೂ ಬೇರೆ ಭಾಷೆಯ ಅಕ್ಷರಗಳಾಗಲಾರವು. ಕಾಗದದ ಮೇಲಿನ ಈ ಒಪ್ಪಂದ ಮನೆಮನೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸದೊಡನೆ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಆಂಡ್ರಾಯ್ಡ್ ಮೊಬೈಲುಗಳು ಕನ್ನಡವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರ 4.1ನೆಯ ಆವೃತ್ತಿಯಲ್ಲಿ. ಆ ನಡುವಣ ವರ್ಷಗಳಲ್ಲಿ ಕನ್ನಡಿಗರು ಬರೆದದ್ದರಲ್ಲಿ ಬಹುಪಾಲು ಹಳೆಯ ವೇಷದಲ್ಲಿಯೇ ಉಳಿಯಿತು.

ಹೊಸ ಏರ್ಪಾಡಿನಲ್ಲಿಯೂ ಸ್ವಾರಸ್ಯಕ್ಕೆ ಕೊರತೆಯಿಲ್ಲ. ಕಣ್ಣಿಗೆ ಕಾಣದ, ಉಚ್ಚಾರಣೆಯೂ ಇಲ್ಲದ ಎರಡು ಚಿಹ್ನೆಗಳು ಅದರಲ್ಲಿವೆ. ಒಂದು ಅಕ್ಷರಗಳನ್ನು ಬಿಡಿಸಿ ನಿಲ್ಲಿಸುತ್ತದೆ. ಅದಿಲ್ಲವಾದರೆ ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಎಂದಾಗಿ, ಕಕಾರ ಬಡಪಾಯಿಯಂತೆ ಜಕಾರದ ಕಾಲಡಿಗೆ ಹೋಗುತ್ತದೆ. ಇನ್ನೊಂದರ ನೆರವಿಲ್ಲದಿದ್ದರೆ ‘ರ‍್ಯಾಂಕ್’ ಪಡೆದ ವಿದ್ಯಾರ್ಥಿಗೆ ಅರ್ಕಾವತ್ತಿನ ‘ರ್ಯಾಂಕ್’ ಮಾತ್ರ ದೊರೆಯುತ್ತದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದೇ ಅಕ್ಷರ, ಬಿಡಿಸುವ ಆ ಚಿಹ್ನೆಯನ್ನು ಒಡಲಲ್ಲಿಟ್ಟುಕೊಂಡು ಬಂದು, ಐಫೋನುಗಳಲ್ಲಿ ಸಂದೇಶದ ತಂತ್ರಾಂಶವನ್ನೇ ಕೆಡವುತ್ತಿತ್ತು. ಆ್ಯಪಲ್ ಸಂಸ್ಥೆ ಅದೇ ತಿಂಗಳು ತಿದ್ದುಪಡಿ ಹೊರಡಿಸಬೇಕಾಯಿತು. ಜ್ಞಾನದ ಭಾರವನ್ನು ಎಲ್ಲರೂ ತಡೆಯಲಾರರಷ್ಟೆ! ವೈಯಾಕರಣರಿಗೆ ಬೇರೊಂದು ದೂರಿದೆ. ದೇವನಾಗರಿಯ ಮಾದರಿಯನ್ನು ಅನುಸರಿಸಿದ್ದರಿಂದ, ವರ್ಣಮಾಲೆಯ ಕೊನೆಯಲ್ಲಿ ಗಂಭೀರವಾಗಿ ಕುಳಿತಿರಬೇಕಾದ ಳಕಾರ ಇಲ್ಲಿ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮುಂದೆಯೇ ನಿಂತಿದೆ. ಬರಿಯ ಅಂಕಿಯ ಕ್ರಮದಲ್ಲಿ ನಿಘಂಟು ಜೋಡಿಸಿದರೆ ಕಿಟ್ಟೆಲ್ಲರು ಒಪ್ಪುತ್ತಿರಲಿಲ್ಲ.

ಇವೆಲ್ಲ ತಜ್ಞರ ತಕರಾರು, ತಮಗೇನು ಎಂದು ವಾಚಕರು ಕೇಳಬಹುದು. ವೇಷದ ಕಡತದಲ್ಲಿ ‘ಶಿವಮೊಗ್ಗ’ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ಅಲ್ಲಿ ಶಿವಮೊಗ್ಗವಿಲ್ಲ, ಪರದೇಶದ ಚಿಹ್ನೆಗಳಿವೆ. ದೃಷ್ಟಿಯಿಲ್ಲದವರಿಗೆ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಯೂನಿಕೋಡಿನ ಪಾಠವನ್ನು ಅವು ಓದುತ್ತವೆ. ವೇಷದ ಪಾಠವನ್ನು ಕೊಟ್ಟರೆ ‘ಪಿ, ಎ, ಪೌಂಡ್’ ಎಂದು ಬಡಬಡಿಸುತ್ತವೆ. ಕಣ್ಣಿದ್ದವರ ಸಮಾಧಾನಕ್ಕೆ ಹೂಡಿದ ಉಪಾಯ ಕಣ್ಣಿಲ್ಲದ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದಂತಾಯಿತು. ಹೀಗಿದ್ದರೂ ಎಷ್ಟೋ ಮುದ್ರಣಾಲಯಗಳಲ್ಲಿ ಇಂದಿಗೂ ಹಳೆಯ ಪದ್ಧತಿಯೇ ನಡೆದುಬರುತ್ತಿದೆ. ಅಭ್ಯಾಸಬಲ ದೊಡ್ಡದು, ನಿಜ. ಆದರೆ ಈ ಹಟಕ್ಕೆ ಈಗ ಅರ್ಥ ಉಳಿದಿಲ್ಲ.

ಹಳೆಯ ಕಡತಗಳನ್ನು ಹೊಸ ಒಪ್ಪಂದಕ್ಕೆ ಬದಲಾಯಿಸುವ ಸಾಧನಗಳು ‘ನುಡಿ’ಯಲ್ಲಿಯೂ ‘ಬರಹ’ದಲ್ಲಿಯೂ ಇವೆ. ಕೆಲಸ ಕ್ಷಣಾರ್ಧದ್ದು, ಕಣ್ಣಿಟ್ಟು ನೋಡುವುದಕ್ಕೆ ಮಾತ್ರ ಹೊತ್ತು ಬೇಕು. ‘ಸೂರ್ಯ’ ಎಂಬಲ್ಲಿ ಹಳೆಯ ಕಡತ ಕಣ್ಣಿನ ಕ್ರಮವನ್ನು ಹಿಡಿದು ಅರ್ಕಾವತ್ತನ್ನು ಯಕಾರದ ಹಿಂದೆ ಇಟ್ಟಿರುತ್ತದೆ. ಹೊಸದರಲ್ಲಿ ನಾಲಗೆಯ ಕ್ರಮದಂತೆ ರಕಾರ ಮುಂದೆ ಬರಬೇಕು. ಈ ಸ್ಥಾನಪಲ್ಲಟದಲ್ಲಿ ಸಾಮಾನ್ಯ ಪರಿವರ್ತಕಗಳು ಎಡವುವುದುಂಟು. ಕನ್ನಡದ ನಡುವೆ ಇಂಗ್ಲಿಷಿನಲ್ಲಿಯೇ ಬರೆದಿದ್ದ ಹೆಸರುಗಳನ್ನೂ ಕೆಲವು ಕನ್ನಡವೆಂದು ಭ್ರಮಿಸಿ ಅರ್ಥವಿಲ್ಲದ ಅಕ್ಷರರಾಶಿಯಾಗಿ ಮಾರ್ಪಡಿಸುತ್ತವೆ. ಆದಕಾರಣ ಮೂಲ ಕಡತವನ್ನು ಅಳಿಸಬಾರದು. ಅದರ ಅಕ್ಷರವಿನ್ಯಾಸದ ಕಡತವನ್ನೂ ಜೊತೆಯಲ್ಲಿಯೇ ಇಟ್ಟಿರಬೇಕು. ಬರೆದವರು ಬದುಕಿರುವಾಗಲೇ ಈ ಕೆಲಸವಾದರೆ ಒಳ್ಳೆಯದು. ಸಂದೇಹ ಬಂದ ಪದವನ್ನು ಅವರನ್ನೇ ಕೇಳಬಹುದು.

ತಮ್ಮ ಮನೆಯ ಕಡತ ಯಾವ ಜಾತಿಯದೆಂದು ತಿಳಿಯುವ ಬಗೆ ಸುಲಭ. ಕಡತದ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಒಂದು ಸಾಲನ್ನು ಆರಿಸಿ, ಅಕ್ಷರವಿನ್ಯಾಸದ ಪಟ್ಟಿಯಲ್ಲಿ ‘ಟೈಮ್ಸ್ ನ್ಯೂ ರೋಮನ್’ ಎಂಬ ಅಪ್ಪಟ ಇಂಗ್ಲಿಷಿನದನ್ನು ಒತ್ತಬೇಕು. ಸಾಲು ಕನ್ನಡವಾಗಿಯೇ ನಿಂತರೆ ಚಿಂತೆಯಿಲ್ಲ. ಪೌಂಡಿನ ಗುರುತುಗಳು ಹೊರಬಿದ್ದರೆ, ಆ ಭಾನುವಾರದ ಮಧ್ಯಾಹ್ನವನ್ನು ಪರಿವರ್ತನೆಗೆಂದು ಮೀಸಲಿಡಬಹುದು.