ಮನೆಯ ಪೆಟ್ಟಿಗೆ, ಕಂಪೆನಿಯ ಬೀಗದ ಕೈ

ನಮ್ಮ ಮನೆಯ ಗೋಡೆಯಲ್ಲಿ ಹಸಿರು ದೀಪ ಮಿಣುಕಿಸುತ್ತಿರುವ ಬ್ರಾಡ್‌ಬ್ಯಾಂಡ್ ರೂಟರಿಗೆ ನಾವು ಒಡೆಯರೇ? ಕರೆಂಟಿನ ಖರ್ಚು ನಮ್ಮದು, ಧೂಳು ಒರೆಸುವವರೂ ನಾವೇ. ಆದರೆ ಅದರೊಳಗಿನ ಬುದ್ಧಿ ಬಹುಮಟ್ಟಿಗೆ ಕಂಪೆನಿಯ ಕೈಯಲ್ಲಿದೆ. ಈ ಸಂಗತಿಯನ್ನು ಹೆತ್ತವರೂ ವಿದ್ಯಾರ್ಥಿಗಳೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ರೂಟರೆಂದರೆ ಒಂದು ಪುಟ್ಟ ಕಂಪ್ಯೂಟರ್. ಅದನ್ನು ನಡೆಸುವ ಆದೇಶಗಳ ಕಟ್ಟಿಗೆ ಫರ್ಮ್‌ವೇರ್ ಎಂದು ಹೆಸರು. ಅದರಲ್ಲಿ ದೋಷ ಕಂಡಾಗಲೆಲ್ಲ ಲಕ್ಷಾಂತರ ಮನೆಗಳಿಗೆ ಆಳು ಕಳುಹಿಸುವುದು ಆಗದ ಮಾತು. ಅದಕ್ಕೆಂದೇ 2004ರಲ್ಲಿ ಟಿಆರ್-069 ಎಂಬ ನಿಯಮಾವಳಿ ಬಂತು. ಅದರಂತೆ ರೂಟರ್ ಹೊತ್ತಿಕೊಂಡಾಗಲೂ, ಆಮೇಲೆ ಗೊತ್ತುಪಡಿಸಿದ ಅವಧಿಗೊಮ್ಮೆಯೂ, ತನ್ನ ಮಾದರಿ ಯಾವುದು, ಫರ್ಮ್‌ವೇರಿನ ಆವೃತ್ತಿ ಯಾವುದು ಎಂದು ಕಂಪೆನಿಯ ಸರ್ವರಿಗೆ ವರದಿ ಒಪ್ಪಿಸುತ್ತದೆ. ಆವೃತ್ತಿ ಹಳೆಯದಾಗಿದ್ದರೆ ಹೊಸ ಕಡತ ಎಲ್ಲಿದೆಯೆಂದು ಸರ್ವರ್ ತಿಳಿಸುತ್ತದೆ. ರೂಟರ್ ಅದನ್ನು ತರಿಸಿ, ತನ್ನ ಮೆಮೊರಿಯಲ್ಲಿ ಬರೆದುಕೊಂಡು, ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ತುರ್ತಿದ್ದರೆ ಕಂಪೆನಿಯೇ ಕದ ತಟ್ಟಿ ವರದಿ ಕೇಳಬಹುದು. ಸಾಮಾನ್ಯವಾಗಿ ಇದೆಲ್ಲ ನಾವು ಮಲಗಿರುವ ಹೊತ್ತಿನಲ್ಲಿ ನಡೆಯುತ್ತದೆ. (ಬರೆದುಕೊಳ್ಳುತ್ತಿರುವಾಗಲೇ ಕರೆಂಟು ಹೋದರೆ ಕೆಲವು ಪೆಟ್ಟಿಗೆಗಳು ಕೆಟ್ಟೇ ಹೋಗುವುದುಂಟು. ಕಾಸರಗೋಡಿನ ಮಳೆಗಾಲ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.)

ಈ ಕದ ದುಷ್ಟರಿಗೂ ಕಂಡಿತು. 2016ರ ನವೆಂಬರ್ 27ರಂದು ಜರ್ಮನಿಯ ಡಾಯ್ಚ ಟೆಲಿಕಾಮ್ ಸಂಸ್ಥೆಯ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತು. ಮಾಲ್‌ವೇರ್ ಒಂದು ದೂರ ನಿರ್ವಹಣೆಯ 7547ನೆಯ ಪೋರ್ಟನ್ನು ಲೋಕವೆಲ್ಲ ತಟ್ಟುತ್ತಿತ್ತು. ಅದು ಒಳಹೊಗಲಾರದೆ ಹೋದರೂ ಆ ತಟ್ಟಾಟಕ್ಕೇ ಅಲ್ಲಿನ ರೂಟರುಗಳು ಕುಸಿದವು. ಸಂಸ್ಥೆ ಹೊಸ ಫರ್ಮ್‌ವೇರ್ ಸಿದ್ಧಪಡಿಸಿ, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹೊತ್ತಿಸಿರೆಂದು ಹೇಳಿತು. ಮದ್ದೂ ದೂರದಿಂದಲೇ ಬಂತು! 2017ರ ಜುಲೈಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಮಾಲ್‌ವೇರಿಗೆ ತುತ್ತಾದವು. ಕಾರ್ಖಾನೆಯಿಂದ ಬಂದಿದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೆ ಇದ್ದುದೇ ಅಲ್ಲಿ ಹಾದಿ ಮಾಡಿಕೊಟ್ಟಿತು.

ಹಾಗಾದರೆ ಕಂಪೆನಿಯ ಕೈಯಿಂದ ಬೀಗದ ಕೈ ಕಸಿಯೋಣವೇ? ಬೇಡವೆಂದೇ ನಮ್ಮ ಮತ. ನಮಗೇ ಬಿಟ್ಟರೆ ನಮ್ಮಲ್ಲಿ ಹತ್ತರಲ್ಲಿ ಒಬ್ಬರಾದರೂ ಫರ್ಮ್‌ವೇರ್ ಬದಲಿಸುವರೆಂಬ ಧೈರ್ಯ ನಮಗಿಲ್ಲ. ಆದರೆ ಹೇಳದೆ ಕೇಳದೆ ಒಳಬರುವುದು ಸರಿಯಲ್ಲ. ಮನೆಯಲ್ಲಿ ಯಾವ ಯಾವ ಫೋನು, ಟಿವಿ ಕೂಡಿಕೊಂಡಿವೆಯೆಂಬ ಪಟ್ಟಿಯನ್ನೂ ಕಂಪೆನಿ ಇದೇ ದಾರಿಯಲ್ಲಿ ನೋಡಬಲ್ಲುದು. ಯಾವ ದಿನ ಬದಲಾಯಿಸುತ್ತಾರೆ, ಏಕೆ ಬದಲಾಯಿಸುತ್ತಾರೆ, ಏನೇನು ನೋಡುತ್ತಾರೆ ಎಂಬುದನ್ನು ಮುಂಚಿತವಾಗಿ, ನಾವು ಓದಬಲ್ಲ ಭಾಷೆಯಲ್ಲಿ ತಿಳಿಸಲಿ. ಬಿಲ್ಲಿನ ನೆನಪೋಲೆ ತಪ್ಪದೆ ಕಳುಹಿಸುವವರಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಭಾರವೇ? ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರಲಿ.

ನಮ್ಮ ಪಾಲಿನ ಕೆಲಸವೂ ಇದೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಹೆತ್ತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರೂಟರಿನ ಪುಟ ತೆರೆದು, ಮಾದರಿ, ಆವೃತ್ತಿಗಳನ್ನು ಬರೆದಿಟ್ಟುಕೊಂಡು, ಹಳೆಯ ಪಾಸ್‌ವರ್ಡ್ ಬದಲಿಸಲಿ. ಕಂಪೆನಿಯವರು ಮನೆಗೆ ಬಂದಾಗ ಚಹಾ ಕೊಡುತ್ತ ಒಂದು ಮಾತು ಕೇಳಲಿ: ಈ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ ಯಾವ ವರ್ಷದವರೆಗೆ ಕೊಡುತ್ತೀರಿ?