ಹುಡುಗಿಗೆ ಧೈರ್ಯ ಇತ್ತು, ನಿಮ್ಮ ಪೆನ್‌ಡ್ರೈವ್‌ಗೆ ತಯಾರಿ ಇರಲಿಲ್ಲ

ಕಳೆದ ರಾಜ್ಯೋತ್ಸವದ ಸಂಜೆ, ಒಂದು ತಾಲ್ಲೂಕು ಕೇಂದ್ರ. ಒಬ್ಬರು ಹಳೇ ಚಿತ್ರಗೀತೆ ಹಾಡಿ ಇಳಿದರು. ಅವರ ಟ್ರ್ಯಾಕ್ ಕೇಳಿಸುತ್ತಲೇ ಇರಲಿಲ್ಲ ಅಂತ ಆಪರೇಟರ್ ಫೇಡರನ್ನು ಪೂರ್ತಿ ಮೇಲಕ್ಕೆ ತಳ್ಳಿದ್ದ. ಮುಂದಿನ ಸರದಿ ಒಂಬತ್ತನೇ ಕ್ಲಾಸಿನ ಹುಡುಗಿಯದು, ಹೊಸ ಸಿನಿಮಾದ ಹಾಡು. ಪ್ಲೇ ಒತ್ತಿದ್ದೇ ತಡ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಹುಡುಗಿ ಬೆಚ್ಚಿದಳು, ಮೊದಲ ಸಾಲು ತಪ್ಪಿತು. ಸದ್ದು ಇಳಿಯುವಷ್ಟರಲ್ಲಿ ಪಲ್ಲವಿಯೇ ಮುಗಿದಿತ್ತು. 'ಪ್ರತಿಭೆ ಇದೆ, ಧೈರ್ಯ ಸಾಲದು' ಅಂದರು ತೀರ್ಪುಗಾರರು.

ನಾನು ಆ ರಾತ್ರಿ ಕಳಿಸಿದ ಸುದ್ದಿ ನಾಲ್ಕು ಸಾಲು. ಕೊನೆಯದು: 'ಕಾರ್ಯಕ್ರಮ ಅಚ್ಚುಕಟ್ಟಾಗಿ ನೆರವೇರಿತು.' ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳ ತಪ್ಪೇನಿತ್ತು? ಏನೂ ಇಲ್ಲ. ನಮ್ಮ ವೇದಿಕೆಗಳಿಗೆ ಟ್ರ್ಯಾಕ್‌ಗಳು ಬರುವುದೇ ಹತ್ತು ಕಡೆಯಿಂದ. ಒಂದು ಯೂಟ್ಯೂಬ್‌ನಿಂದ ಇಳಿಸಿದ್ದು, ಒಂದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಇನ್ನೊಂದು ಯಾರೋ ಕೀಬೋರ್ಡಿನಲ್ಲಿ ನುಡಿಸಿ ಕೊಟ್ಟದ್ದು. ಒಂದೊಂದರ ಮಟ್ಟ ಒಂದೊಂದು. ಎರಡರ ನಡುವೆ 10 ಡೆಸಿಬಲ್ ಅಂತರವಿದ್ದರೆ ಕಿವಿಗೆ ಹೆಚ್ಚುಕಡಿಮೆ ದುಪ್ಪಟ್ಟು ಜೋರು ಅನ್ನಿಸುತ್ತದೆ. ಯೂಟ್ಯೂಬ್‌ನಲ್ಲಿ ಕೇಳುವಾಗ ಜೋರು ಹಾಡುಗಳನ್ನು ಅದೇ ತಗ್ಗಿಸಿ ಕೇಳಿಸುತ್ತದೆ. ಇಳಿಸಿಕೊಂಡ ಫೈಲಿಗೆ ಆ ಅನುಕೂಲ ಇಲ್ಲ.

'ನಾವು ನಾರ್ಮಲೈಸ್ ಮಾಡಿದ್ದೇವೆ ಸಾರ್' ಅನ್ನುವವರೂ ಇದ್ದಾರೆ. ಬಹಳ ಸಲ ಅವರು ಮಾಡಿರುವುದು ಪೀಕ್ ನಾರ್ಮಲೈಸ್. ಅದು ನೋಡುವುದು ಹಾಡಿನ ಅತಿ ಎತ್ತರದ ಒಂದು ಬಿಂದುವನ್ನು ಮಾತ್ರ. ಹಳೇ ಹಾಡಿನಲ್ಲಿ ತಬಲಾದ ಒಂದು ಗಟ್ಟಿ ಪೆಟ್ಟು ಆ ಗೆರೆ ಮುಟ್ಟಿದರೆ ಉಳಿದದ್ದೆಲ್ಲ ಕೆಳಗೇ ಉಳಿಯುತ್ತದೆ. ಹೊಸ ಹಾಡು ಶುರುವಿನಿಂದ ಕೊನೆವರೆಗೂ ಅದೇ ಗೆರೆಗೆ ಒತ್ತಿಕೊಂಡಿರುತ್ತದೆ. ಪೀಕ್ ಒಂದೇ, ಸದ್ದು ಬೇರೆ.

ಕಿವಿಗೆ ಕೇಳಿಸುವ ಜೋರನ್ನೇ ಅಳೆಯುವ ಮಾಪನ ಬಂದು ವರ್ಷಗಳಾದವು. 2006ರಲ್ಲೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದರ ಲೆಕ್ಕಾಚಾರ ಕೊಟ್ಟಿತು. 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಮೈನಸ್ 23 ಎಲ್‌ಯುಎಫ್‌ಎಸ್ ಎಂಬ ಮಟ್ಟ ಗೊತ್ತು ಮಾಡಿತು. ನಮಗೆ ಅದೇ ಸಂಖ್ಯೆ ಬೇಕಿಲ್ಲ. ಎಲ್ಲ ಟ್ರ್ಯಾಕ್‌ಗೂ ಒಂದೇ ಸಂಖ್ಯೆ ಇದ್ದರೆ ಸಾಕು.

ಖರ್ಚು? ಸೊನ್ನೆ. ಅಡಾಸಿಟಿ ಉಚಿತ. ಅದರಲ್ಲಿ 'ಲೌಡ್‌ನೆಸ್ ನಾರ್ಮಲೈಸೇಶನ್' ಇದೆ. ಮೈನಸ್ 18 ಅಂತ ಹಾಕಿ ಎಲ್ಲ ಫೈಲುಗಳಿಗೂ ಓಡಿಸಿ. ಮೆತ್ತಗಿನದನ್ನು ಜೋರಿನ ಮಟ್ಟಕ್ಕೆ ಎಳೆಯಬೇಡಿ, ಒಡೆಯುತ್ತದೆ. ಜೋರಿನದನ್ನು ಇಳಿಸಿ, ಒಟ್ಟು ಸದ್ದನ್ನು ಮಿಕ್ಸರಿನಲ್ಲಿ ಏರಿಸಿ. ಎಂಪಿ3 ಮಾತ್ರ ಇದ್ದರೆ ಎಂಪಿ3ಗೇನ್ ಎಂಬ ಹಳೇ ಉಚಿತ ತಂತ್ರಾಂಶವೂ ಸಾಕು. ಯಂತ್ರದ ಲೆಕ್ಕವೇ ಅಂತಿಮ ಅಲ್ಲ, ನಿಜ. ಬರೀ ಕೊಳಲಿನಲ್ಲಿ ಶುರುವಾಗುವ ಹಾಡಿಗೆ ಕಿವಿಯೇ ಬೇಕು. ಅದಕ್ಕೇ ಸೌಂಡ್ ಚೆಕ್ ಇರುವುದು.

'ಟ್ರ್ಯಾಕ್ ಹಾಕಿ ಹಾಡುವುದೇ ತಪ್ಪು, ವಾದ್ಯದವರನ್ನು ಕರೆಸಿ' ಎನ್ನುವ ಹಿರಿಯರಿಗೆ ಒಂದು ಮಾತು. ಕರೆಸಿ, ಸಂತೋಷ. ಅವರ ಸಂಭಾವನೆ ಯಾರು ಕೊಡುತ್ತಾರೆ? ಕೂಲಿ ಮಾಡುವವರ ಮಗಳಿಗೆ ಫೋನಿನಲ್ಲಿರುವ ಟ್ರ್ಯಾಕೇ ಆರ್ಕೆಸ್ಟ್ರಾ. ಅದನ್ನು ಹೀಗಳೆಯುವ ಬದಲು ನೆಟ್ಟಗೆ ಕೇಳಿಸಿ.

ಆಪರೇಟರನ್ನೂ ನಾನು ಬೈಯುವುದಿಲ್ಲ. ಅವನ ಕೈಗೆ ಪೆನ್‌ಡ್ರೈವ್ ಸಿಗುವುದು ನಿರೂಪಕರು ಹೆಸರು ಕೂಗಿದ ಮೇಲೆ. ಬೈಯಬೇಕಾದದ್ದು ಆಯೋಜಕರನ್ನು. ಶಾಲು, ಹಾರ, ಫ್ಲೆಕ್ಸ್‌ಗೆ ಒಂದು ವಾರ ಓಡಾಡುತ್ತೀರಿ. ಹಾಡುವ ಮಕ್ಕಳ ಟ್ರ್ಯಾಕ್‌ಗಳನ್ನು ಹಿಂದಿನ ದಿನವೇ ತರಿಸಿಕೊಳ್ಳಲು ಒಂದು ತಾಸು ಇಲ್ಲವೇ? ಗಣ್ಯರು ಬರುವುದು ಎರಡು ತಾಸು ತಡವಾಗುತ್ತದೆಂದು ನಿಮಗೂ ಗೊತ್ತು. ಸೌಂಡ್ ಚೆಕ್‌ಗೆ ಅಷ್ಟು ಸಾಕಾಗಿ ಉಳಿಯುತ್ತದೆ.

ನನ್ನ ಪಾಲಿಗೆ ಒಂದು ನಿರ್ಧಾರ ಮಾಡಿದ್ದೇನೆ. ಮುಂದಿನ ಸಲ ಇದೇ ಆದರೆ 'ಅಚ್ಚುಕಟ್ಟಾಗಿ ನೆರವೇರಿತು' ಎಂದು ಬರೆಯುವುದಿಲ್ಲ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಹಾಕುತ್ತೇನೆ.